ಹೆಸರಿಗಿಂತ ಮೊದಲು ಮುಖ ನೋಡಿ: ರೋಮನ್ ಚಕ್ರವರ್ತಿಗಳ ನಾಣ್ಯಗಳಲ್ಲಿ ಯಾವುದನ್ನು ಆರಿಸಿಕೊಳ್ಳಬೇಕು?

ನನ್ನ ಮೇಜಿನ ಮೇಲೆ ಎರಡು ಬೆಳ್ಳಿ ನಾಣ್ಯಗಳಿವೆ. ಎರಡೂ ನಮ್ಮ ಹಳೆಯ ನಾಲ್ಕಾಣೆಯಷ್ಟು ಅಗಲ, ಅದಕ್ಕಿಂತ ಸ್ವಲ್ಪ ದಪ್ಪ. ಒಂದರಲ್ಲಿ ಕೆನ್ನೆ ತುಂಬಿಕೊಂಡ, ಗುಂಗುರು ಕೂದಲಿನ ಹುಡುಗ. ಇನ್ನೊಂದರಲ್ಲಿ ಗಡ್ಡ ಬಿಟ್ಟ, ಹುಬ್ಬು ಗಂಟಿಕ್ಕಿದ, ಕತ್ತು ದಪ್ಪಗಾದ ಗಂಡಸು. ಸುತ್ತಲಿನ ಹೆಸರು ಓದದಿದ್ದರೆ ಇಬ್ಬರೂ ಒಬ್ಬನೇ ಅಂತ ಗೊತ್ತೇ ಆಗುವುದಿಲ್ಲ. ಅವನು ರೋಮಿನ ಚಕ್ರವರ್ತಿ ಕ್ಯಾರಕಲ್ಲ. ಮೊದಲನೆಯದು ಅವನಿಗೆ ಎಂಟು-ಹತ್ತು ವರ್ಷವಿದ್ದಾಗ ಅಚ್ಚಾದದ್ದು. ಎರಡನೆಯದು 213ರ ಈಚಿನದು. ನಡುವೆ ತಂದೆ ತೀರಿಕೊಂಡ. ಜೊತೆಯಲ್ಲಿ ಆಳಬೇಕಿದ್ದ ತಮ್ಮ ಗೇಟಾನನ್ನು ಇವನೇ 211ರಲ್ಲಿ ಕೊಲ್ಲಿಸಿದ. ಅದೆಲ್ಲ ಆ ಹುಬ್ಬಿನ ಗಂಟಿನಲ್ಲಿ ಕೂತಿದೆ ಅಂತ ನನಗೆ ಪ್ರತಿ ಸಲ ಅನಿಸುತ್ತದೆ.

ಇವೆರಡೂ ದುಬಾರಿ ನಾಣ್ಯಗಳಲ್ಲ. ಆದರೆ ಹೊಸದಾಗಿ ರೋಮನ್ ನಾಣ್ಯ ಕೊಳ್ಳುವವರು ಇವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಅವರಿಗೆ ಬೇಕಾದದ್ದು ಸೀಸರ್, ನೀರೋ, ಕಲಿಗುಲ. ಶಾಲೆಯಲ್ಲಿ ಕೇಳಿದ ಹೆಸರು. ಆ ಹೆಸರಿಗಾಗಿ ಇದ್ದ ದುಡ್ಡೆಲ್ಲ ಸುರಿದು, ಮೂಗೂ ಕಾಣದಷ್ಟು ಸವೆದ ಒಂದು ಬಿಲ್ಲೆ ತಂದುಕೊಳ್ಳುತ್ತಾರೆ. ಆಮೇಲೆ ಅದನ್ನು ಡಬ್ಬಿಯಿಂದ ತೆಗೆಯುವುದೇ ಇಲ್ಲ. ಇದನ್ನು ತಪ್ಪಿಸಬೇಕು ಅನ್ನುವುದಕ್ಕೇ ಈ ಬರಹ. ರೋಮನ್ ನಾಣ್ಯದ ಜೀವ ಇರುವುದು ಮುಖದಲ್ಲಿ. ಒಳ್ಳೆಯ ಮುಖ ಯಾವ ದಾರಿಯಲ್ಲಿ ಸುಲಭವಾಗಿ ಸಿಗುತ್ತದೆ, ಅದನ್ನು ನೋಡೋಣ.

ಕೆಳಗೆ ಹೇಳುವ ಬೆಲೆಗಳು ವಿದೇಶದ ಹರಾಜುಗಳಲ್ಲಿ ಸುಮಾರಾಗಿ ಚೆನ್ನಾಗಿರುವ ನಾಣ್ಯಕ್ಕೆ ಬೀಳುವ ಅಂದಾಜು ಮಾತ್ರ. ಹರಾಜಿನವರು ಕೂಗಿದ ಬೆಲೆಯ ಮೇಲೆ ಸಾಮಾನ್ಯವಾಗಿ ಶೇಕಡ 20ರ ಆಸುಪಾಸು ತಮ್ಮ ಪಾಲು ಸೇರಿಸುತ್ತಾರೆ. ಅಂಚೆ ಖರ್ಚು, ಸುಂಕ ಬೇರೆ. ಇವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಮೊದಲು ಲೋಹದ ಮಾತು

ನಾಲ್ಕೈದು ಹೆಸರು ಗೊತ್ತಿದ್ದರೆ ಸಾಕು. ಚಿನ್ನದ್ದು ಔರಿಯಸ್. ಅದು ಹಲವು ಲಕ್ಷದ ಮಾತು, ಇಲ್ಲಿಗೆ ಬಿಟ್ಟುಬಿಡೋಣ. ಬೆಳ್ಳಿಯದು ಡೆನಾರಿಯಸ್. ಅಗಸ್ಟಸ್ ಕಾಲದಲ್ಲಿ ಸುಮಾರು 3.9 ಗ್ರಾಂ, ಹೆಚ್ಚುಕಡಿಮೆ ಶುದ್ಧ ಬೆಳ್ಳಿ. ಕ್ರಿ.ಶ. 64ರಲ್ಲಿ ನೀರೋ ಅದರ ತೂಕವನ್ನೂ ಬೆಳ್ಳಿಯನ್ನೂ ಇಳಿಸಿದ. ಮುಂದಿನವರೂ ಇಳಿಸುತ್ತಲೇ ಹೋದರು. ಕ್ಯಾರಕಲ್ಲನ ಹೊತ್ತಿಗೆ ಅರ್ಧದಷ್ಟು ತಾಮ್ರವೇ. ಅವನೇ 215ರಲ್ಲಿ ಆಂಟೊನಿನಿಯಾನಸ್ ಎಂಬ ಹೊಸ ನಾಣ್ಯ ತಂದ. ಅದರಲ್ಲಿ ಚಕ್ರವರ್ತಿಯ ತಲೆಯ ಮೇಲೆ ಸೂರ್ಯಕಿರಣದಂಥ ಮುಳ್ಳುಮುಳ್ಳು ಕಿರೀಟ ಇರುತ್ತದೆ. ರಾಣಿಯಾದರೆ ಎದೆಯ ಕೆಳಗೆ ಅರ್ಧಚಂದ್ರ. ಹಿತ್ತಾಳೆಯ ದೊಡ್ಡ ನಾಣ್ಯ ಸೆಸ್ಟರ್ಷಿಯಸ್, ಸುಮಾರು 25 ಗ್ರಾಂ ತೂಗುತ್ತದೆ. ಕೊನೆಯ ಶತಮಾನಗಳಲ್ಲಿ ಬಂದದ್ದು ಕಂಚಿನ ಚಿಕ್ಕ ಚಿಕ್ಕ ನಾಣ್ಯಗಳು.

ಹನ್ನೆರಡು ಸೀಸರರ ಆಸೆ

ಎಲ್ಲರೂ ಮೊದಲು ಹಾಕಿಕೊಳ್ಳುವ ಲೆಕ್ಕ ಇದು. ಇತಿಹಾಸಕಾರ ಸ್ವೆಟೋನಿಯಸ್ ಜೂಲಿಯಸ್ ಸೀಸರನಿಂದ ಡೊಮಿಷಿಯನ್‌ವರೆಗೆ ಹನ್ನೆರಡು ಜನರ ಜೀವನ ಬರೆದ. ಆ ಹನ್ನೆರಡನ್ನೂ ಕೂಡಿಸಬೇಕು ಅನ್ನುವುದು ಶತಮಾನಗಳಿಂದ ಸಂಗ್ರಹಕಾರರ ಕನಸು. ಕನಸು ಚೆಂದವೇ. ಆದರೆ ಮೂರು ಕಡೆ ಸಿಕ್ಕಿಹಾಕಿಕೊಳ್ಳುತ್ತೀರಿ.

ಒಂದು, ಸೀಸರ್. ಬದುಕಿರುವಾಗಲೇ ರೋಮಿನ ಟಂಕಸಾಲೆಯಲ್ಲಿ ತನ್ನ ಮುಖ ಅಚ್ಚಾದ ಮೊದಲ ರೋಮನ್ ಅವನು. ಅದು ಕ್ರಿ.ಪೂ. 44ರಲ್ಲಿ, ಕೊಲೆಯಾಗುವ ಕೆಲವೇ ವಾರಗಳ ಮುಂಚೆ. ಅದಕ್ಕೇ ಆ ನಾಣ್ಯಕ್ಕೆ ಅಷ್ಟು ಬೆಲೆ. ಎರಡು, ಕಲಿಗುಲ. ಬೆಳ್ಳಿಯಲ್ಲಿ ತೀರ ಅಪರೂಪ. ತಾಮ್ರದ ಆಸ್ ನಾಣ್ಯ, ಹಿಂದೆ ವೆಸ್ಟಾ ದೇವತೆ ಕೂತಿರುವುದು, ಕೈಗೆಟುಕುತ್ತದೆ. ಮೂರು, ಓಥೋ. ಕ್ರಿ.ಶ. 69ರಲ್ಲಿ ಆಳಿದ್ದು ಬರೀ ಮೂರು ತಿಂಗಳು. ರೋಮಿನಲ್ಲಿ ಅವನ ಹೆಸರಲ್ಲಿ ತಾಮ್ರ-ಹಿತ್ತಾಳೆಯ ನಾಣ್ಯವೇ ಬರಲಿಲ್ಲ, ಹಾಗಾಗಿ ಬೆಳ್ಳಿಯದನ್ನೇ ಹುಡುಕಬೇಕು. ಲಕ್ಷ ರೂಪಾಯಿ ದಾಟುವುದು ಮಾಮೂಲು. ಅವನು ಟೋಪನ್ ಹಾಕುತ್ತಿದ್ದ ಅಂತ ಸ್ವೆಟೋನಿಯಸ್ ಬರೆದಿದ್ದಾನೆ. ನಾಣ್ಯದಲ್ಲೂ ಸಾಲುಸಾಲಾಗಿ ಜೋಡಿಸಿದ ಆ ಕೂದಲು ಹಾಗೇ ಕಾಣುತ್ತದೆ. ಚೆನ್ನಾಗಿರುವ ಓಥೋ ಸಿಕ್ಕರೆ ನೋಡುತ್ತಾ ಕೂರಬಹುದು, ಒಪ್ಪುತ್ತೇನೆ. ಆದರೆ ಮೊದಲ ನಾಣ್ಯವಾಗಿ ಬೇಡ.

ಈ ಹನ್ನೆರಡರಲ್ಲಿ ಒಂದೇ ಒಂದು ಬೇಕು ಅನ್ನುವವರಿಗೆ ನನ್ನ ಆಯ್ಕೆ ವೆಸ್ಪೇಸಿಯನ್. ಬೋಳು ತಲೆ, ಸುಕ್ಕುಗಟ್ಟಿದ ಹಣೆ, ಗೂಳಿಯಂಥ ಕತ್ತು. ಇದ್ದ ಮುಖವನ್ನು ಇದ್ದ ಹಾಗೇ ಕೆತ್ತಲು ಬಿಟ್ಟ ಮನುಷ್ಯ. ಬೇಕಾದಷ್ಟು ಸಿಗುತ್ತವೆ, ಬೆಲೆಯೂ ಮಿತ.

ನಮ್ಮ ನೆಲಕ್ಕೆ ಬಂದ ಇಬ್ಬರು

ಅಗಸ್ಟಸ್ ಮತ್ತು ಟೈಬೀರಿಯಸ್ ಬೇರೆ ಕಾರಣಕ್ಕೆ ನಮಗೆ ಹತ್ತಿರದವರು. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ರೋಮನ್ ಬೆಳ್ಳಿ ನಾಣ್ಯಗಳ ಗಂಟು ಸಿಕ್ಕಿತು. 1965ರಲ್ಲಿ ಎಚ್‌ಎಎಲ್ ಹತ್ತಿರ ಇನ್ನೊಂದು. ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲೂ ಸಿಕ್ಕಿವೆ. ಇವುಗಳಲ್ಲಿ ಜಾಸ್ತಿ ಕಾಣುವ ಮುಖಗಳು ಈ ಇಬ್ಬರವೇ. ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ಚಿನ್ನದ ನಿಧಿಯಲ್ಲಿ ಬೈಜಾಂಟೈನ್ (ಪೂರ್ವ ರೋಮನ್) ಕಾಲದ ನಾಣ್ಯಗಳೂ ಇದ್ದವು. ಮೆಣಸು, ಮುತ್ತು, ಬಟ್ಟೆಗೆ ಕೊಟ್ಟ ದುಡ್ಡು ಇದು. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಷಿಯಸ್ ಎಳೆದುಕೊಳ್ಳುತ್ತಿದೆ ಅಂತ ರೋಮನ್ ಲೇಖಕ ಪ್ಲೀನಿ ಗೊಣಗಿದ್ದು ಇದಕ್ಕೇ. ನಮ್ಮ ಹಳೆಯ ಬರಹಗಳಲ್ಲಿ ಬರುವ ‘ದೀನಾರ’ ಅನ್ನುವ ಮಾತು ಬಂದದ್ದೂ ಡೆನಾರಿಯಸ್‌ನಿಂದಲೇ.

ಇಬ್ಬರಲ್ಲಿ ಯಾರು? ಅಗಸ್ಟಸ್ ಎಪ್ಪತ್ತೈದು ವರ್ಷ ದಾಟಿ ಸತ್ತರೂ ನಾಣ್ಯದಲ್ಲಿ ಕೊನೆಯವರೆಗೂ ಯುವಕನೇ. ಅವನ ಮೊಮ್ಮಕ್ಕಳು ಗೈಯಸ್ ಮತ್ತು ಲೂಸಿಯಸ್ ಗುರಾಣಿ ಹಿಡಿದು ನಿಂತಿರುವ ನಾಣ್ಯ ಭಾರತಕ್ಕೆ ರಾಶಿ ರಾಶಿ ಬಂತು. ಟೈಬೀರಿಯಸ್‌ನದು ಹಿಂಬದಿಯಲ್ಲಿ ಹೆಂಗಸೊಬ್ಬಳು ಕೂತಿರುವ ನಾಣ್ಯ. ‘ಸೀಸರನದನ್ನು ಸೀಸರನಿಗೆ ಕೊಡಿ’ ಎಂದು ಏಸು ತೋರಿಸಿದ ನಾಣ್ಯ ಇದೇ ಇರಬೇಕು ಅನ್ನುವ ನಂಬಿಕೆ ಇದೆ. ಹಾಗಾಗಿ ಬೇಡಿಕೆ ಜಾಸ್ತಿ. ಇಪ್ಪತ್ತೈದು ಸಾವಿರದಿಂದ ಐವತ್ತು ಸಾವಿರದವರೆಗೂ ಹೋಗುತ್ತದೆ. ನಾಣ್ಯವೇನೂ ಅಪರೂಪದ್ದಲ್ಲ, ಕಥೆಗೆ ಕೊಡುವ ದುಡ್ಡು ಅದು. ಮುಖದ ಲೆಕ್ಕದಲ್ಲಿ ಇಬ್ಬರೂ ಸ್ವಲ್ಪ ತಣ್ಣಗಿನ ಚೆಲುವರು. ನನಗೆ ಇಬ್ಬರಲ್ಲಿ ಅಗಸ್ಟಸ್ ಇಷ್ಟ, ಯಶವಂತಪುರದ ನೆನಪಿಗಾಗಿ.

ಇನ್ನೊಂದು ಮಾತು. ದಕ್ಷಿಣ ಭಾರತದಲ್ಲಿ ಸಿಕ್ಕ ಕೆಲವು ಚಿನ್ನದ ನಾಣ್ಯಗಳಲ್ಲಿ ಚಕ್ರವರ್ತಿಯ ಮುಖದ ಮೇಲೆ ಅಡ್ಡಕ್ಕೆ ಉಳಿಯೇಟು ಇರುತ್ತದೆ. 1898ರ ಪುದುಕೋಟೆ ನಿಧಿಯ ಬಹುಪಾಲು ನಾಣ್ಯಗಳು ಹಾಗೇ. ಚಲಾವಣೆಯಿಂದ ತೆಗೆಯಲು ಹಾಗೆ ಮಾಡಿದರು ಅನ್ನುತ್ತಾರೆ. ಬೆಳ್ಳಿ ನಾಣ್ಯಗಳ ಮೇಲೂ ಉಳಿಯ, ಮುದ್ರೆಯ ಗುರುತು ಕಾಣಬಹುದು. ಅದನ್ನು ಹಾಳು ಅಂತ ತಳ್ಳಬೇಡಿ. ಅದೂ ನಾಣ್ಯದ ಬದುಕಿನ ಭಾಗವೇ.

ಎರಡನೇ ಶತಮಾನ: ನಂಬಿಕೆಯ ದಾರಿ

ಟ್ರೇಜನ್, ಹೇಡ್ರಿಯನ್, ಆಂಟೊನಿನಸ್ ಪಯಸ್, ಮಾರ್ಕಸ್ ಔರೀಲಿಯಸ್. ಬೆಳ್ಳಿ ಇನ್ನೂ ಚೆನ್ನಾಗಿದೆ, ಕೆತ್ತನೆಯಂತೂ ತುಂಬ ಚೆನ್ನಾಗಿದೆ. ಎಂಟರಿಂದ ಹದಿನೆಂಟು ಸಾವಿರಕ್ಕೆ ಕಣ್ಣು, ಮೂಗು, ಕೂದಲಿನ ಎಳೆ ಎಲ್ಲ ಕಾಣುವ ಡೆನಾರಿಯಸ್ ಸಿಗುತ್ತದೆ. ಪೂರ್ತಿ ಗಡ್ಡ ಬಿಟ್ಟ ಮೊದಲ ಚಕ್ರವರ್ತಿ ಹೇಡ್ರಿಯನ್. ಅವನ ನಂತರ ಈ ಶತಮಾನದ ಚಕ್ರವರ್ತಿಗಳೆಲ್ಲ ಬಿಟ್ಟರು. ಅವನು ಸುತ್ತಿದ ಸೀಮೆಗಳ ಹೆಸರಿನ ನಾಣ್ಯಗಳೂ ಇವೆ. ಈಜಿಪ್ಟ್, ಆಫ್ರಿಕಾ, ಸ್ಪೇನ್, ಒಂದೊಂದಕ್ಕೂ ಒಬ್ಬೊಬ್ಬ ಹೆಂಗಸಿನ ರೂಪ. ಅವಕ್ಕೆ ಬೆಲೆ ಸ್ವಲ್ಪ ಮೇಲೆ.

ಈ ಕಾಲದ ರಾಣಿಯರನ್ನು ಮರೆಯಬೇಡಿ. ಆಂಟೊನಿನಸ್‌ನ ಹೆಂಡತಿ ಹಿರಿಯ ಫೌಸ್ಟಿನಾಳ ನಾಣ್ಯಗಳಲ್ಲಿ ಹೆಚ್ಚಿನವು ಅವಳು ಸತ್ತ ಮೇಲೆ ಅಚ್ಚಾದವು. ತಲೆಯ ಮೇಲೆ ಸುತ್ತಿ ಕಟ್ಟಿದ ಜಡೆಯನ್ನು ಎಳೆ ಎಳೆಯಾಗಿ ಕೆತ್ತಿದ್ದಾರೆ. ಗಂಡಂದಿರ ನಾಣ್ಯಕ್ಕಿಂತ ಎಷ್ಟೋ ಸಲ ಕಡಿಮೆಗೇ ಸಿಗುತ್ತವೆ.

ಒಂದೇ ಮನೆಯ ಮುಖಗಳು

ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಸೆವೆರನ್ ಮನೆತನ, 193ರಿಂದ 235. ಐದರಿಂದ ಹನ್ನೆರಡು ಸಾವಿರದೊಳಗೆ ಒಳ್ಳೊಳ್ಳೆಯ ಡೆನಾರಿಯಸ್ ಸಿಗುತ್ತವೆ. ಬೆಳ್ಳಿ ಬೆರಕೆಯಾದ್ದರಿಂದಲೇ ಬೆಲೆ ಇಳಿದಿದೆ. ಆದರೆ ಕೆತ್ತುವವರ ಕೈ ಇನ್ನೂ ಇಳಿದಿರಲಿಲ್ಲ.

ಅಪ್ಪ ಸೆಪ್ಟಿಮಿಯಸ್ ಸೆವೆರಸ್, ಆಫ್ರಿಕಾದ ಲೆಪ್ಟಿಸ್‌ನವನು, ಕವಲೊಡೆದ ಗಡ್ಡ. ಅಮ್ಮ ಜೂಲಿಯಾ ಡೊಮ್ನಾ, ಸಿರಿಯಾದವಳು, ಅಲೆ ಅಲೆಯಾಗಿ ಬಾಚಿ ಹಿಂದೆ ಕಟ್ಟಿದ ದಟ್ಟ ಕೂದಲು. ಮಕ್ಕಳು ಕ್ಯಾರಕಲ್ಲ, ಗೇಟಾ. ಚಿಕ್ಕವರಿದ್ದಾಗ ಇಬ್ಬರನ್ನೂ ಗುರುತು ಹಚ್ಚಲು ಹೆಸರು ಓದಲೇಬೇಕು, ಅಷ್ಟು ಹೋಲಿಕೆ. ದೊಡ್ಡವರಾಗುತ್ತಾ ಬಂದ ಹಾಗೆ ನಾಣ್ಯದಲ್ಲೂ ಮೀಸೆ ಚಿಗುರುತ್ತದೆ, ಗಡ್ಡ ಬರುತ್ತದೆ. ಗೇಟಾ ಸತ್ತ ಮೇಲೆ ಅವನ ಹೆಸರು, ಮುಖ ಎಲ್ಲೂ ಇರಕೂಡದು ಅಂತ ಆಜ್ಞೆಯಾಯಿತು. ಏಷ್ಯಾ ಮೈನರಿನ (ಇಂದಿನ ಟರ್ಕಿ) ಕೆಲವು ಊರುಗಳ ಕಂಚಿನ ನಾಣ್ಯಗಳಲ್ಲಿ ಅಣ್ಣನ ಎದುರಿದ್ದ ತಮ್ಮನ ಮುಖವನ್ನು ಉಜ್ಜಿ ಅಳಿಸಿದ್ದಾರೆ. ಬೆಳ್ಳಿ ಡೆನಾರಿಯಸ್‌ಗಳು ಮಾತ್ರ ಬೇಕಾದಷ್ಟು ಉಳಿದವು. ಇವತ್ತಿಗೂ ಸುಲಭವಾಗಿ ಸಿಗುತ್ತವೆ.

ಅಪ್ಪ, ಅಮ್ಮ, ಇಬ್ಬರು ಮಕ್ಕಳು. ನಾಲ್ಕೇ ನಾಣ್ಯ. ಪಕ್ಕಪಕ್ಕ ಇಟ್ಟರೆ ಒಂದು ಮನೆಯ ಫೋಟೋ ಇಟ್ಟ ಹಾಗೆ. ಹನ್ನೆರಡು ಸೀಸರರ ಸಾಲು ಮುಗಿಸಲು ಹತ್ತು ವರ್ಷ ಬೇಕಾಗಬಹುದು. ಇದು ಒಂದು ವರ್ಷದಲ್ಲಿ ಮುಗಿಯುತ್ತದೆ, ಆಮೇಲೆ ಬೆಳೆಯುತ್ತಲೂ ಹೋಗುತ್ತದೆ. ಹದಿನಾಲ್ಕಕ್ಕೆ ಪಟ್ಟ ಏರಿ ಹದಿನೆಂಟಕ್ಕೆ ಕೊಲೆಯಾದ ಎಲಗಬಲಸ್ ಇದ್ದಾನೆ. ಕ್ಯಾರಕಲ್ಲನ ಹೆಂಡತಿ ಪ್ಲಾಟಿಲ್ಲಾ ಇದ್ದಾಳೆ, ಮದುವೆಯಾಗಿ ಮೂರೇ ವರ್ಷಕ್ಕೆ ಗಡೀಪಾರಾದವಳು.

ಮುಳ್ಳು ಕಿರೀಟದವರು

ಮೂರನೇ ಶತಮಾನದ ಆಂಟೊನಿನಿಯಾನಸ್ ಇನ್ನೂ ಅಗ್ಗ. ಹುಡುಗ ಚಕ್ರವರ್ತಿ ಮೂರನೇ ಗೋರ್ಡಿಯನ್‌ನದು, 238ರಿಂದ 244ರವರೆಗಿನದು, ಹೊಳಪು ಮಾಸದ ಬೆಳ್ಳಿಯಲ್ಲಿ ನಾಲ್ಕರಿಂದ ಏಳು ಸಾವಿರಕ್ಕೆ ಬರುತ್ತದೆ. 248ರಲ್ಲಿ ರೋಮ್ ನಗರಕ್ಕೆ ಸಾವಿರ ವರ್ಷ ತುಂಬಿತು ಅಂತ ಫಿಲಿಪ್ ದೊಡ್ಡ ಆಟಗಳನ್ನು ನಡೆಸಿದ. ಆ ನೆನಪಿನ ನಾಣ್ಯಗಳ ಹಿಂಬದಿಯಲ್ಲಿ ಸಿಂಹ, ನೀರುಕುದುರೆ, ಜಿಂಕೆ ಇವೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯದು ಇಲ್ಲ.

260ರ ಈಚೆಗೆ ಎಚ್ಚರ ಬೇಕು. ಗ್ಯಾಲಿಯೆನಸ್ ಕೊನೆಗಾಲದಲ್ಲಿ ನಾಣ್ಯದಲ್ಲಿ ಬೆಳ್ಳಿ ಬರೀ ಹೆಸರಿಗೆ, ಮೇಲೆ ತೆಳ್ಳಗೆ ಬಳಿದಷ್ಟೇ. ಅಚ್ಚೂ ಅವಸರದ್ದು. ಅರ್ಧ ಮುಖ ನಾಣ್ಯದಾಚೆ ಹೋಗಿರುತ್ತದೆ.

ದೊಡ್ಡ ಹಿತ್ತಾಳೆ ಒಳ್ಳೆಯದೋ, ಚಿಕ್ಕ ಕಂಚೋ?

ಮುಖ ದೊಡ್ಡದಾಗಿ ಬೇಕು ಅಂದರೆ ಸೆಸ್ಟರ್ಷಿಯಸ್‌ಗೆ ಸಾಟಿ ಇಲ್ಲ. 33 ಮಿಲಿಮೀಟರ್ ಅಗಲದಲ್ಲಿ ಕೆತ್ತುವವನಿಗೆ ಜಾಗ ಸಿಕ್ಕಿದೆ. ಮ್ಯಾಕ್ಸಿಮಿನಸ್ ಥ್ರಾಕ್ಸ್‌ನ ನಾಣ್ಯಗಳನ್ನು ನೋಡಿ. 235ರಲ್ಲಿ ಅವನು ಗಡಿಯ ಸೈನ್ಯದಲ್ಲೇ ಚಕ್ರವರ್ತಿಯಾದ. ರೋಮಿನಲ್ಲಿ ಅಚ್ಚು ಕೆತ್ತುವವರಿಗೆ ಅವನ ಮುಖವೇ ಗೊತ್ತಿರಲಿಲ್ಲ. ಹಾಗಾಗಿ ಮೊದಲ ನಾಣ್ಯಗಳಲ್ಲಿ ಅವನು ಹಿಂದಿನ ಚಕ್ರವರ್ತಿ ಸೆವೆರಸ್ ಅಲೆಕ್ಸಾಂಡರ್‌ನ ಹಾಗೇ ಕಾಣುತ್ತಾನೆ. ಆಮೇಲಾಮೇಲೆ ಆ ದೊಡ್ಡ ಗದ್ದ ಮುಂದೆ ಬರುತ್ತದೆ, ಹುಬ್ಬಿನ ಮೂಳೆ ಉಬ್ಬುತ್ತದೆ. ಇದನ್ನು ಕೈಯಲ್ಲಿ ಹಿಡಿದು ನೋಡುವ ಸುಖವೇ ಬೇರೆ.

ತೊಂದರೆ ಏನೆಂದರೆ ಈ ದೊಡ್ಡ ನಾಣ್ಯಗಳು ತಲೆಮಾರುಗಟ್ಟಲೆ ಕೈಯಿಂದ ಕೈಗೆ ತಿರುಗಿದವು. ಸವೆದದ್ದೇ ಜಾಸ್ತಿ. ಹತ್ತು ಸಾವಿರಕ್ಕೆ ಸಿಕ್ಕದ್ದು ನಯವಾಗಿ ತೇದ ಹಾಗಿರುತ್ತದೆ. ಇನ್ನು ಕೆಲವರು ಸವೆದ ಕೂದಲು, ಗಡ್ಡವನ್ನು ಸೂಜಿಯಿಂದ ಮತ್ತೆ ಕೆತ್ತಿ ಮಾರುತ್ತಾರೆ. ಬರಹ ಮಸುಕು, ಕೂದಲು ಮಾತ್ರ ಚೂಪು ಅಂತ ಕಂಡರೆ ಅನುಮಾನಪಡಿ. ಒಂದೇ ನಾಣ್ಯದಲ್ಲಿ ಒಂದು ಕಡೆ ಸವೆದು ಇನ್ನೊಂದು ಕಡೆ ಹೊಸದಾಗಿರಲು ಹೇಗೆ ಸಾಧ್ಯ, ಅಲ್ವಾ?

ಇನ್ನೊಂದು ತುದಿಯಲ್ಲಿ ಕಾನ್‌ಸ್ಟಂಟೈನ್ ಮನೆತನದ ಕಂಚು. ಎರಡರಿಂದ ನಾಲ್ಕು ಸಾವಿರಕ್ಕೆ ಚೆನ್ನಾಗಿರುವುದೇ ಬರುತ್ತದೆ. ಹಿಂಬದಿಯ ಕೆಳಗೆ ಟಂಕಸಾಲೆಯ ಗುರುತು ಇರುತ್ತದೆ: ಟ್ರಿಯರ್, ಲಂಡನ್, ಆಂಟಿಯೋಕ್, ಅಲೆಕ್ಸಾಂಡ್ರಿಯ. ಊರು ಊರಿನದು ಕೂಡಿಸುವುದು ಖುಷಿಯ ಕೆಲಸ. ಆದರೆ ಮುಖ? 294ರ ಸುಮಾರಿಗೆ ಡಯೊಕ್ಲೀಷಿಯನ್ ನಾಣ್ಯ ಬದಲಾಯಿಸಿದ ಮೇಲೆ ಮುಖಗಳೆಲ್ಲ ಒಂದೇ ಅಚ್ಚಿನವು. ಅಪ್ಪ ಯಾರು, ಮಗ ಯಾರು ಅಂತ ಹೆಸರೇ ಹೇಳಬೇಕು. ಓದುವುದನ್ನು ಕಲಿಯಲು ಒಂದೆರಡು ತೆಗೆದುಕೊಳ್ಳಿ. ಮುಖಕ್ಕಾಗಿ ಬೇಡ.

ರೋಮ್ ಆಳುತ್ತಿದ್ದ ಈಜಿಪ್ಟಿನ ಅಲೆಕ್ಸಾಂಡ್ರಿಯದ ನಾಲ್ಕು ಡ್ರಾಕ್ಮದ (ಡ್ರಾಕ್ಮ ಗ್ರೀಕರ ನಾಣ್ಯದ ಹೆಸರು) ನಾಣ್ಯಗಳೂ ಒಂದು ದಾರಿ. ಗ್ರೀಕ್ ಬರಹ, ಆಳ್ವಿಕೆಯ ಎಷ್ಟನೇ ವರ್ಷ ಅನ್ನುವುದು ಹಿಂಬದಿಯಲ್ಲೇ ಬರೆದಿರುತ್ತದೆ. ಇಷ್ಟಪಟ್ಟವರು ಬಿಡುವುದೇ ಇಲ್ಲ.

ಕೊಳ್ಳುವಾಗ

ಶುರುವಿನಲ್ಲಿ ನಾನೂ ಒಮ್ಮೆ ಮೋಸ ಹೋದೆ. ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರನಿಂದ ಟ್ರೇಜನ್‌ನ ಡೆನಾರಿಯಸ್ ತರಿಸಿದೆ. ಫೋಟೋದಲ್ಲಿ ಮುಖ ಚೆನ್ನಾಗಿತ್ತು. ಕೈಗೆ ಬಂದಾಗ ಏನೋ ಸಾಬೂನಿನಂತೆ ನುಣುಪು. ಭೂತಗನ್ನಡಿ ಹಿಡಿದು ಅಂಚನ್ನು ಸುತ್ತ ತಿರುಗಿಸಿ ನೋಡಿದೆ. ನಡುವೆ ಕೂದಲೆಳೆಯಂಥ ಒಂದು ಗೆರೆ, ಅದನ್ನು ಅರದಿಂದ ಉಜ್ಜಿದ ಗುರುತು. ಎರಡು ಅಚ್ಚಿನ ನಡುವೆ ಎರಕ ಹೊಯ್ದಾಗ ಬೀಳುವ ಗೆರೆ ಅದು. ಮೈಮೇಲೆ ಸೂಜಿಮೊನೆಯಷ್ಟು ಗುಳಿಗಳು, ಎರಕದ ಗುಳ್ಳೆ ಒಡೆದದ್ದು. ತೂಗಿದರೆ 2.6 ಗ್ರಾಂ. ಅವನ ಕಾಲದ್ದು 3.2ರ ಮೇಲಾದರೂ ಇರಬೇಕಿತ್ತು. ರೋಮಿನ ನಾಣ್ಯವನ್ನು ಬಿಲ್ಲೆಯ ಮೇಲೆ ಸುತ್ತಿಗೆಯಿಂದ ಹೊಡೆದು ಅಚ್ಚೊತ್ತುತ್ತಿದ್ದರು. ನಿಜವಾದದ್ದರ ಅಂಚಿನಲ್ಲಿ ಆ ಏಟಿಗೆ ಬಿಟ್ಟ ಸಣ್ಣ ಸೀಳು ಎಷ್ಟೋ ಸಲ ಕಾಣುತ್ತದೆ.

ಅಂದಿನಿಂದ ಚಿನ್ನ ತೂಗುವಂಥ ಚಿಕ್ಕ ಡಿಜಿಟಲ್ ತಕ್ಕಡಿ ಮತ್ತು ಹತ್ತು ಪಟ್ಟಿನ ಭೂತಗನ್ನಡಿ ಯಾವಾಗಲೂ ಪಕ್ಕದಲ್ಲಿರುತ್ತವೆ. ಇವೆರಡನ್ನೂ ಮೊದಲ ನಾಣ್ಯಕ್ಕಿಂತ ಮೊದಲೇ ತೆಗೆದುಕೊಳ್ಳಿ. ತಪ್ಪಾದರೆ ವಾಪಸ್ ತೆಗೆದುಕೊಳ್ಳುತ್ತೇನೆ ಅಂತ ಬರೆದು ಕೊಡುವ ವ್ಯಾಪಾರಿಯ ಹತ್ತಿರ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ‘ತೊಳೆಯದ ನಾಣ್ಯ, ಕೇಜಿ ಲೆಕ್ಕ’ ಅಂತ ಮಾರುವ ಗಂಟುಗಳ ಆಸೆಗೆ ಬೀಳಬೇಡಿ. ಮುಖ ಇದ್ದದ್ದನ್ನು ಮೊದಲೇ ಆರಿಸಿ ತೆಗೆದಿರುತ್ತಾರೆ.

ನಾಣ್ಯ ಯಾವುದು ಅಂತ ಗುರುತಿಸಲು ಅಮೆರಿಕದ ನಾಣ್ಯಶಾಸ್ತ್ರ ಸಂಘದ ‘ಓಕ್ರೆ’ (OCRE) ತಾಣ ಉಚಿತ. ಚಕ್ರವರ್ತಿಯ ಹೆಸರು, ಹಿಂಬದಿಯ ಚಿತ್ರ ಕೊಟ್ಟರೆ ಸಾಕು. ಹಿಂದೆ ಯಾವ ಬೆಲೆಗೆ ಹೋಗಿದೆ ಅಂತ ನೋಡಲು ‘ಎಸಿಸರ್ಚ್’ (acsearch) ತಾಣ ಇದೆ. ಒಂದು ತಿಂಗಳು ಸುಮ್ನೆ ನೋಡುತ್ತಾ ಇರಿ, ಕೊಳ್ಳಬೇಡಿ. ಕಣ್ಣು ತಾನೇ ಪಳಗುತ್ತದೆ.

ಎಲ್ಲಿಂದ ಬಂತು ಅನ್ನುವುದನ್ನೂ ಕೇಳಿ. ಸೀಸರನನ್ನು ಕೊಂದ ಬ್ರೂಟಸ್‌ನ ಚಿನ್ನದ ನಾಣ್ಯವೊಂದು 2020ರಲ್ಲಿ ಲಂಡನ್ನಿನ ಹರಾಜಿನಲ್ಲಿ 30 ಲಕ್ಷ ಪೌಂಡಿಗೂ ಮೇಲೆ ಹೋಯಿತು. ಅದರ ಹಿಂದಿನ ಒಡೆಯರ ಕಥೆ ಸುಳ್ಳು ಅಂತ ಆಮೇಲೆ ಗೊತ್ತಾಗಿ, 2023ರಲ್ಲಿ ಅದನ್ನು ಗ್ರೀಸಿಗೆ ಹಿಂದಿರುಗಿಸಿದರು. ಹಳೆಯ ಹರಾಜಿನ ಚೀಟಿ, ಹಿಂದಿನ ಸಂಗ್ರಹದ ಹೆಸರು ಇರುವ ನಾಣ್ಯಕ್ಕೆ ನಾನು ಖುಷಿಯಿಂದ ಸ್ವಲ್ಪ ಹೆಚ್ಚು ಕೊಡುತ್ತೇನೆ.

‘ನಮ್ಮೂರ ಹೊಲದಲ್ಲಿ ಸಿಕ್ಕಿತು’ ಅಂತ ಯಾರಾದರೂ ತಂದರೆ ಮುಟ್ಟಬೇಡಿ. ನಿಧಿ ಕಾಯ್ದೆಯ ಪ್ರಕಾರ ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ವಿದೇಶದಲ್ಲಿರುವ ಕನ್ನಡಿಗರಿಗೆ ಇನ್ನೊಂದು. 1972ರ ಕಾಯ್ದೆಯಲ್ಲಿ ನೂರು ವರ್ಷ ದಾಟಿದ ನಾಣ್ಯ ಪುರಾತನ ವಸ್ತು. ಅಂಥದ್ದನ್ನು ಖಾಸಗಿಯವರು ಭಾರತದಿಂದ ಹೊರಗೆ ಕಳಿಸುವಂತಿಲ್ಲ. ಅಲ್ಲಿ ಕೊಂಡದ್ದನ್ನು ಊರಿಗೆ ತಂದು ಮತ್ತೆ ಒಯ್ಯುವ ಯೋಚನೆ ಇದ್ದರೆ, ತರುವ ಮೊದಲೇ ಕಸ್ಟಮ್ಸ್‌ನಲ್ಲಿ ವಿಚಾರಿಸಿ.

ಮನೆಗೆ ಬಂದ ಮೇಲೆ

ಹುಣಸೆಹಣ್ಣು ಹಾಕಿ ಉಜ್ಜಬೇಡಿ. ದೇವರ ಮನೆಯ ತಂಬಿಗೆಗೆ ಅದು ಸರಿ. ಈ ನಾಣ್ಯದ ಮೇಲಿರುವ ಕಂದು, ಹಸಿರು ಬಣ್ಣ ಶತಮಾನಗಟ್ಟಲೆ ಕೂತು ಕಟ್ಟಿದ ಪದರ. ಅದು ಹೋದರೆ ಮುಖದ ನೆರಳೂ ಹೋಯಿತು, ಬೆಲೆಯೂ ಹೋಯಿತು. ಆದರೆ ತಿಳಿ ಹಸಿರು ಪುಡಿ ಉದುರುವಂಥ ಕಿಲುಬು ಕಂಡರೆ ಅದು ಕಂಚಿನ ರೋಗ. ಆ ನಾಣ್ಯವನ್ನು ತಕ್ಷಣ ಬೇರೆ ಡಬ್ಬಿಯಲ್ಲಿಟ್ಟು ತಿಳಿದವರಿಗೆ ತೋರಿಸಿ. ಮಂಗಳೂರು, ಕಾರವಾರದ ತೇವಕ್ಕೆ ಇದು ಬೇಗ ಬೆಳೆಯುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇರಲಿ, ಮಳೆಗಾಲ ಮುಗಿದ ಮೇಲೆ ಬದಲಾಯಿಸಿ. ವಾಸನೆ ಬರುವ ಮೆತ್ತನೆಯ ಪಿವಿಸಿ ಕವರ್ ಬೇಡ, ಅದು ಅಂಟಂಟಾದ ಹಸಿರನ್ನು ಬಿಡುತ್ತದೆ.

ಮತ್ತೆ, ಟ್ಯೂಬ್‌ಲೈಟಿನ ಕೆಳಗೆ ನೋಡಬೇಡಿ. ಬೆಳಗ್ಗೆ ಕಿಟಕಿಯ ಹತ್ತಿರ, ಬೆಳಕು ಪಕ್ಕದಿಂದ ಬೀಳುವಾಗ, ನಾಣ್ಯವನ್ನು ಅಂಚಿನಲ್ಲಿ ಹಿಡಿದು ಮೆಲ್ಲಗೆ ಓರೆ ಮಾಡಿ. ಚಪ್ಪಟೆಯಾಗಿ ಕಂಡ ಕೆನ್ನೆ ತುಂಬಿಕೊಳ್ಳುತ್ತದೆ, ರೆಪ್ಪೆ ಎದ್ದು ಕಾಣುತ್ತದೆ. ನನ್ನ ಕ್ಯಾರಕಲ್ಲನ ಹುಬ್ಬಿನ ನಡುವಿನ ಆ ಎರಡು ಗೆರೆ ನನಗೆ ಕಂಡದ್ದು ಹೀಗೆ, ನಾಣ್ಯ ಕೈಗೆ ಬಂದು ಎರಡು ವಾರ ಕಳೆದ ಮೇಲೆ.